ಕತ್ತಲಲ್ಲೂ ಕೈಗೆ ಸಿಗುವ ಹಾಗೆ: ತೋಟದ ಶೆಡ್ಡಿನ ಸಾಮಾನು ಜೋಡಿಸುವ ಬಗೆ

ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟು ಬಂದಿದೆ, ಮೋಟಾರು ಸ್ಟಾರ್ಟ್ ಆಗುತ್ತಿಲ್ಲ. ಟೆಸ್ಟರ್ ಅಡುಗೆಮನೆಯ ಗೂಡಿನಲ್ಲಿದೆ, ಇನ್ಸುಲೇಷನ್ ಟೇಪು ಬೈಕಿನ ಬಾಕ್ಸಿನಲ್ಲಿ, ಫ್ಯೂಸು ಯಾವುದೋ ಹಳೇ ಡಬ್ಬದ ತಳದಲ್ಲಿ. ಎಲ್ಲ ಹುಡುಕಿಕೊಂಡು ಬೋರಿನ ಹತ್ತಿರ ಹೋಗುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಅಂತ ಲೆಕ್ಕ, ಅದರಲ್ಲಿ ಒಂದು ಗಂಟೆ ಹುಡುಕಾಟಕ್ಕೇ ಹೋದರೆ ಒಂದು ಸಾಲಿನ ಟೊಮೆಟೊಗೆ ನೀರಿಲ್ಲ. ಆದ್ದರಿಂದ ಶೆಡ್ಡು ಚೆನ್ನಾಗಿ ಕಾಣುತ್ತದೆಯೋ ಇಲ್ಲವೋ ಆಮೇಲಿನ ಮಾತು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಒಳಗೆ ಹೋದವನು ಬೇಕಾದ್ದನ್ನು ಎತ್ತಿಕೊಂಡು ಒಂದು ನಿಮಿಷದಲ್ಲಿ ಹೊರಗೆ ಬರಬೇಕು. ಇಲ್ಲಿರುವುದೆಲ್ಲ ಆ ಲೆಕ್ಕಕ್ಕೆ ಬರೆದದ್ದು. ಅಳತೆಗಳು ಸುಮಾರು 10 ಅಡಿ ಅಗಲ, 12 ಅಡಿ ಉದ್ದದ, ಸಿಮೆಂಟ್ ಬ್ಲಾಕಿನ ಗೋಡೆ, ಶೀಟಿನ ಚಾವಣಿ ಇರುವ ಶೆಡ್ಡಿನವು. ಮನೆ ಪಕ್ಕದ ಕಾರು ನಿಲ್ಲಿಸುವ ಜಾಗವಾದರೂ ಕ್ರಮ ಇದೇ.

ರ‍್ಯಾಕ್ ತರುವ ಮೊದಲು

ಹೆಚ್ಚಿನವರು ಮೊದಲು ರ‍್ಯಾಕ್ ತರುತ್ತಾರೆ, ಆಮೇಲೆ ಅದಕ್ಕೆ ಸಾಮಾನು ತುಂಬುತ್ತಾರೆ. ಆರು ತಿಂಗಳಲ್ಲಿ ಹಳೇ ರಾಶಿಯೇ ಐದು ಅಂತಸ್ತಿನಲ್ಲಿ ನಿಂತಿರುತ್ತದೆ. ಮೊದಲು ಆಗಬೇಕಾದ್ದು ಖಾಲಿ ಮಾಡುವ ಕೆಲಸ. ಬಿಸಿಲಿರುವ ದಿನ ನೋಡಿಕೊಂಡು ಎಲ್ಲವನ್ನೂ ಹೊರಗೆ ಟಾರ್ಪಾಲಿನ ಮೇಲೆ ಹಾಕಿ. ವರ್ಷಗಟ್ಟಲೆ ಕದಲದ ಮೂಲೆಗೆ ಬರಿಗೈ ಹಾಕಬೇಡಿ. ಕೋಲಿನಿಂದ ಸರಿಸಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಎತ್ತಿ. ಹಳೇ ಗೋಣಿಚೀಲ, ಡ್ರಿಪ್ ಪೈಪಿನ ಸುರುಳಿ ಇವೆರಡರ ಅಡಿ ಚೇಳಿಗೂ ಹಾವಿಗೂ ಬಲು ಇಷ್ಟದ ಜಾಗ.

ಈಗ ರಾಶಿ ಬೇರೆ ಮಾಡಬೇಕು. ಸ್ಪ್ಯಾನರೆಲ್ಲ ಒಂದು ಕಡೆ, ಸ್ಕ್ರೂಡ್ರೈವರೆಲ್ಲ ಒಂದು ಕಡೆ ಅಂತ ಜಾತಿವಾರು ವಿಂಗಡಿಸುವುದು ಅಂಗಡಿಯವನಿಗೆ ಸರಿ, ಕೆಲಸಗಾರನಿಗೆ ಸರಿಯಲ್ಲ. ಡ್ರಿಪ್ ಲೈನು ಒಡೆದಾಗ ಕತ್ತರಿ ಒಂದು ಗೋಡೆಯಲ್ಲಿ, ಜಾಯಿನರ್ ಇನ್ನೊಂದು ಡಬ್ಬದಲ್ಲಿ, ಡ್ರಿಲ್ ಬಿಟ್ಟು ಮತ್ತೊಂದರಲ್ಲಿದ್ದರೆ ಮೂರು ಕಡೆ ತಿರುಗಬೇಕು. ಹಾಗಾಗಿ ಕೆಲಸದ ಪ್ರಕಾರ ಹಾಕಿ: ಬೋರು ಮತ್ತು ಸ್ಟಾರ್ಟರ್, ಡ್ರಿಪ್, ಪಿವಿಸಿ ಪೈಪು, ಗೂಟ ಕಟ್ಟುವ ತಂತಿ-ದಾರ, ಗಾರೆ, ಮರಗೆಲಸ, ಗಾಡಿ. ಯಾವ ಕೆಲಸಕ್ಕೂ ಸೇರದೆ ಉಳಿದದ್ದರಲ್ಲಿ ಮುಕ್ಕಾಲು ಪಾಲು ಗುಜರಿ. ಎರಡು ಅಡಿಗಿಂತ ಚಿಕ್ಕ ಲ್ಯಾಟರಲ್ (ಗಿಡದ ಸಾಲಿಗೆ ಎಳೆಯುವ ಸಣ್ಣ ಡ್ರಿಪ್ ಪೈಪು) ತುಂಡು, ದಾರ ಸವೆದ ಬೋಲ್ಟು, ಹಲ್ಲು ಹೋದ ಹ್ಯಾಕ್ಸಾ ಬ್ಲೇಡು, ಸುಟ್ಟ ಕಾಯಿಲು, ಎಲ್ಲವೂ ಅದೇ ದಿನ ಹೊರಗೆ ಹೋಗಲಿ. "ಎಂದಾದರೂ ಬೇಕಾದೀತು" ಅನ್ನುವುದಕ್ಕೆ ಒಂದೇ ಒಂದು ಕ್ರೇಟು ಇಡಿ. ಅದು ತುಂಬಿದ ಮೇಲೆ ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು.

ಕೆಲಸಕ್ಕೊಂದು ಡಬ್ಬ

ಇಡೀ ಜೋಡಣೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದು. ಹದಿನೈದು ಕೆ.ಜಿ. ಎಣ್ಣೆ ಡಬ್ಬದ ಅಗಲವಾದ ಮುಖವೊಂದನ್ನು ಕತ್ತರಿಸಿ ತೆಗೆದು, ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿ ಸುತ್ತಿಗೆಯಿಂದ ಬಡಿದು, ಎರಡು ತುದಿಗೆ ಅಡ್ಡಲಾಗಿ ಒಂದು ಬಡಿಗೆ ಸೇರಿಸಿ ಮೊಳೆ ಹೊಡೆದರೆ ಹಿಡಿಯುಳ್ಳ ಪೆಟ್ಟಿಗೆ ಆಯಿತು. ಐದು ಲೀಟರಿನ ಎಣ್ಣೆ ಕ್ಯಾನಿನ ಮೇಲ್ಭಾಗ ಓರೆಯಾಗಿ ಕತ್ತರಿಸಿದರೂ ಆದೀತು, ಅದರ ಹಿಡಿ ಹೇಗೂ ಇರುತ್ತದೆ. ಹಿಡಿ ಇರಲೇಬೇಕು, ಏಕೆಂದರೆ ಈ ಡಬ್ಬ ಶೆಡ್ಡಿನಲ್ಲಿ ಕೂರುವುದಕ್ಕಲ್ಲ, ಹೊಲಕ್ಕೆ ಹೋಗುವುದಕ್ಕೆ. ಕೀಟನಾಶಕ ಔಷಧಿಯ ಕ್ಯಾನು ಮಾತ್ರ ಎಷ್ಟು ತೊಳೆದರೂ ಬೇಡ.

ಸ್ಟಾರ್ಟರ್ ಡಬ್ಬ: ಲೈನ್ ಟೆಸ್ಟರ್ ಎರಡು, ಇನ್ಸುಲೇಷನ್ ಇರುವ ಕಟಿಂಗ್ ಪ್ಲೇಯರ್, 8 ಇಂಚಿನ ಸ್ಕ್ರೂಡ್ರೈವರ್, ಇನ್ಸುಲೇಷನ್ ಟೇಪು, ನಿಮ್ಮ ಬೋರ್ಡಿನಲ್ಲಿರುವ ಅಳತೆಯದೇ ಫ್ಯೂಸು ಮೂರು, ತಲೆಗೆ ಕಟ್ಟುವ ಟಾರ್ಚು. ಫ್ಯೂಸು ಮೂರು ಏಕೆಂದರೆ ಒಂದು ಫೇಸಿಗೆ ಸರಿಯಾದದ್ದು, ಇನ್ನೊಂದಕ್ಕೆ ಸಿಕ್ಕಿದ ತಂತಿ ಸುತ್ತಿದರೆ ಫ್ಯೂಸು ಇದ್ದೂ ಇಲ್ಲದ ಹಾಗೆ. ಮುಂದೆ ಒಂದು ಫೇಸು ಹೋದಾಗ ಉಳಿದೆರಡರಲ್ಲಿ ಮೋಟಾರು ಗುಂಯ್ ಅನ್ನುತ್ತಾ ಬಿಸಿಯಾಗಿ ವೈಂಡಿಂಗ್ ಸುಡುತ್ತದೆ. ಸಾವಿರ ಅಡಿ ಬೋರಿನಿಂದ ಮೋಟಾರು ಎತ್ತಿಸಿ ಇಳಿಸುವ ಖರ್ಚಿನ ಮುಂದೆ ಮೂರು ಫ್ಯೂಸು ಏನೂ ಅಲ್ಲ. ಮೋಟಾರಿನ ಬಿಲ್ಲೆಯಲ್ಲಿ ಬರೆದಿರುವ ಎಚ್.ಪಿ., ಆಂಪಿಯರ್, ಸ್ಟಾರ್ಟರಿನ ರಿಲೇ (ಕರೆಂಟು ಮಿತಿ ಮೀರಿದರೆ ಮೋಟಾರು ನಿಲ್ಲಿಸುವ ಭಾಗ) ಇಟ್ಟಿರುವ ಅಂಕಿ ಮೂರನ್ನೂ ಒಂದು ರಟ್ಟಿನ ಮೇಲೆ ಬರೆದು ಡಬ್ಬದೊಳಗೆ ಅಂಟಿಸಿ. ಮೋಟಾರು ನೆಲದೊಳಗೆ ಇಳಿದ ಮೇಲೆ ಬಿಲ್ಲೆ ಓದುವುದಕ್ಕೆ ಸಿಗುವುದಿಲ್ಲ. ಟೆಸ್ಟರನ್ನು ಮೊದಲು ಕರೆಂಟು ಇರುವುದು ಗೊತ್ತಿರುವ ಕಡೆ ಮುಟ್ಟಿಸಿ ಬೆಳಗುತ್ತದೆಯೇ ನೋಡಿ, ಕೆಟ್ಟ ಟೆಸ್ಟರೂ "ಕರೆಂಟಿಲ್ಲ" ಅಂತಲೇ ಹೇಳುತ್ತದೆ. ಮೇನ್ ಸ್ವಿಚ್ ಆಫ್ ಮಾಡದೆ ಸ್ಟಾರ್ಟರ್ ಬಾಗಿಲು ತೆಗೆಯಬಾರದು ಅಂತ ಅದೇ ರಟ್ಟಿನ ಮೇಲೆ ಕೆಂಪಕ್ಷರದಲ್ಲಿರಲಿ. ಈ ಡಬ್ಬದ ಸುತ್ತ ನಂಬರ್ ಪ್ಲೇಟ್ ಬರೆಯುವ ಅಂಗಡಿಯಲ್ಲಿ ಸಿಗುವ ರೇಡಿಯಂ ಸ್ಟಿಕ್ಕರಿನ ಪಟ್ಟಿ ಅಂಟಿಸಿ, ಟಾರ್ಚಿನ ಬೆಳಕು ಬಿದ್ದ ಕೂಡಲೇ ಹೊಳೆಯುತ್ತದೆ. ಜಾಗ: ಬಾಗಿಲು ತೆಗೆದರೆ ಬಲಗೈಗೆ ಸಿಗುವ ಕಡೆ, ಎದೆಯ ಮಟ್ಟದಲ್ಲಿ.

ಡ್ರಿಪ್ ಡಬ್ಬ: 16 ಎಂ.ಎಂ. ಜಾಯಿನರ್ 20, ಟೇಕ್-ಆಫ್ (ದೊಡ್ಡ ಪೈಪಿನಿಂದ ಲ್ಯಾಟರಲ್ಲಿಗೆ ನೀರು ತಿರುಗಿಸುವ ಕೊಂಡಿ) ಮತ್ತು ಅದು ಸೋರದಂತೆ ತೂತಿಗೆ ಕೂರುವ ರಬ್ಬರ್ ಗ್ರೊಮೆಟ್ ಹತ್ತು ಜೊತೆ, ಎಂಡ್ ಕ್ಯಾಪ್ 10, ತೂತು ಮುಚ್ಚುವ ಡಮ್ಮಿ 20, ಪಂಚು, ಕತ್ತರಿ, ಫಿಲ್ಟರಿನ ರಬ್ಬರ್ ರಿಂಗು ಒಂದು, ಎರಡು-ಮೂರು ಅಡಿಯ ಲ್ಯಾಟರಲ್ ತುಂಡು. 12 ಎಂ.ಎಂ. ಲೈನೂ ಇದ್ದರೆ ಅದರ ಸಾಮಾನು ಬೇರೆ ಪೊಟ್ಟಣದಲ್ಲಿರಲಿ. ಕತ್ತಲಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಗ್ರೊಮೆಟ್ಟಿನ ಡ್ರಿಲ್ ಬಿಟ್ಟನ್ನು ಉಳಿದ ಬಿಟ್ಟುಗಳ ಜೊತೆ ಇಡಬೇಡಿ, ಗ್ರೊಮೆಟ್ ಇರುವ ಪೊಟ್ಟಣದಲ್ಲೇ ಕಟ್ಟಿಡಿ. ಗ್ರೊಮೆಟ್ಟಿನ ಅಳತೆ ಕಂಪೆನಿಯಿಂದ ಕಂಪೆನಿಗೆ ಕೂದಲೆಳೆಯಷ್ಟು ಬದಲಾಗುತ್ತದೆ. ಅರ್ಧ ಎಂ.ಎಂ. ದೊಡ್ಡ ತೂತಾದರೂ ಲ್ಯಾಟರಲ್ಲುಗಳಿಗೆ ನೀರು ಕೊಡುವ ಸಬ್‌ಮೇನಿನ ಉದ್ದಕ್ಕೂ ಒಸರುತ್ತದೆ, ಆಮೇಲೆ ಆ ತೂತನ್ನು ಚಿಕ್ಕದು ಮಾಡುವ ಉಪಾಯವಿಲ್ಲ.

ಪಿವಿಸಿ ಡಬ್ಬ: ನಿಮ್ಮ ಲೈನಿನ ಅಳತೆಯ (63 ಅಥವಾ 75 ಎಂ.ಎಂ.) ಕಪ್ಲರ್ ಎರಡು, ಎಲ್ಬೋ ಎರಡು, ಎಂಡ್ ಕ್ಯಾಪ್ ಒಂದು, ಹ್ಯಾಕ್ಸಾ, ಉಪ್ಪುಕಾಗದ, ಹತ್ತಿಬಟ್ಟೆ, ಟೆಫ್ಲಾನ್ ಟೇಪು, ಪೈಪು ಅಂಟಿಸುವ ಸಾಲ್ವೆಂಟ್. ಸಾಲ್ವೆಂಟಿನ ದೊಡ್ಡ ಡಬ್ಬ ಅಗ್ಗ ಅನ್ನಿಸಿದರೂ ಚಿಕ್ಕ ಡಬ್ಬಗಳನ್ನೇ ತನ್ನಿ. ಒಮ್ಮೆ ಮುಚ್ಚಳ ತೆಗೆದ ಮೇಲೆ ಅದು ಗಟ್ಟಿಯಾಗುತ್ತಲೇ ಹೋಗುತ್ತದೆ. ಜೇನಿನಂತೆ ಹರಿಯುವವರೆಗೆ ಸರಿ, ಲೋಳೆಯಂತೆ ಮುದ್ದೆಯಾಗಿ ಜಾರಿದರೆ ಎಸೆಯಿರಿ. ಥಿನ್ನರ್, ಪೆಟ್ರೋಲ್ ಬೆರೆಸಿ ತೆಳ್ಳಗೆ ಮಾಡಿದ್ದು ಅಂಟಿದ ಹಾಗೆ ಕಂಡು, ಪ್ರೆಷರ್ ಬಂದ ದಿನ ಕಳಚುತ್ತದೆ.

ಕಟ್ಟುವ ಡಬ್ಬಕ್ಕೆ ಬೈಂಡಿಂಗ್ ವಯರ್, ದಾರದ ಉಂಡೆ, ಕುಡ್ಲು, ಒಂದು ಪ್ಲೇಯರ್ ಸಾಕು. ಒಂದೇ ಪ್ಲೇಯರ್ ನಾಲ್ಕು ಡಬ್ಬಕ್ಕೂ ಬೇಕಲ್ಲ ಅನ್ನಬಹುದು. ನಾಲ್ಕು ತನ್ನಿ. ಡ್ರಿಲ್ ಮಷಿನ್, ಗ್ರೈಂಡರ್, ಪೈಪ್ ರೆಂಚ್ ಥರದ ದುಬಾರಿ ಸಾಮಾನು ಎಲ್ಲಕ್ಕೂ ಒಂದೇ ಇರಲಿ, ಪ್ಲೇಯರ್, ಸ್ಕ್ರೂಡ್ರೈವರ್, ಟೆಸ್ಟರ್‌ಗಳಲ್ಲಿ ಜಿಪುಣತನ ಬೇಡ. ಡಬ್ಬದಿಂದ ಡಬ್ಬಕ್ಕೆ ಸಾಲ ಹೋದ ಪ್ಲೇಯರ್ ವಾಪಸು ಬರುವುದಿಲ್ಲ.

ಗೋಡೆ ನೋಡಿ ಮೊಳೆ

ಸುತ್ತಿಗೆ, ಗರಗಸ, ಉಳಿ, ಕರಣೆ, ರಸಮಟ್ಟ, ಸ್ಪ್ಯಾನರ್ ಸೆಟ್ಟು ಗೋಡೆಗೆ ಹೋಗಲಿ. ಗೋಡೆಗೆ ನೇರವಾಗಿ ಮೊಳೆ ಹೊಡೆದರೆ ಗಾರೆ ಉದುರುತ್ತದೆಯೇ ಹೊರತು ಮೊಳೆ ನಿಲ್ಲುವುದಿಲ್ಲ. 12 ಎಂ.ಎಂ. ಪ್ಲೈವುಡ್ಡಿನ 8×4 ಅಡಿ ಹಾಳೆ ತಂದು ಎರಡು ತುಂಡು ಮಾಡಿಸಿ, ಒಂದೊಂದು 4×4 ಅಡಿ. ಮನೆ ಕಟ್ಟಿ ಉಳಿದ ಸೆಂಟ್ರಿಂಗ್ ಪ್ಲೈ ಇದ್ದರೆ ಅದೇ ಸಾಕು. ಗೋಡೆಗೆ ಮೊದಲು ಒಂದು ಇಂಚು ದಪ್ಪ, ಎರಡು ಇಂಚು ಅಗಲದ ರೀಪರು (ಮರದ ಪಟ್ಟಿ) ಮೂರು, ಎರಡೆರಡು ಅಡಿ ಅಂತರದಲ್ಲಿ ನಿಲ್ಲಿಸಿ. ಅದರ ಮೇಲೆ ಪ್ಲೈ. ಹಿಂದೆ ಒಂದು ಇಂಚು ಖಾಲಿ ಇರುವುದರಿಂದ ಮಳೆಗಾಲದಲ್ಲಿ ಗೋಡೆಯ ತಂಪು ಪ್ಲೈಗೆ ಹತ್ತುವುದಿಲ್ಲ, ಹೊಡೆದ ಮೊಳೆಯ ತುದಿಗೂ ಜಾಗವಾಗುತ್ತದೆ.

ಸಾಲಿಡ್ ಬ್ಲಾಕಿನ ಗೋಡೆಗೆ 8 ಎಂ.ಎಂ. ಬಿಟ್ಟು, 8 ಎಂ.ಎಂ. ಪ್ಲಾಸ್ಟಿಕ್ ಪ್ಲಗ್ಗು, 10 ನಂಬರಿನ 3 ಇಂಚು ಸ್ಕ್ರೂ. ಒಂದು ರೀಪರಿಗೆ ಮೂರು. ತೂತು ಗೋಡೆಯೊಳಕ್ಕೆ 65 ಎಂ.ಎಂ. ಹೋಗಲಿ: ಗಾರೆ 12ರಿಂದ 15, ಪ್ಲಗ್ಗು 40, ದೂಳು ಕೂರಲು 10. ಬಿಟ್ಟಿನ ಮೇಲೆ ಆ ಅಳತೆಗೆ ಟೇಪು ಸುತ್ತಿಕೊಂಡರೆ ಲೆಕ್ಕ ತಪ್ಪುವುದಿಲ್ಲ. ಕೊರೆದ ಮೇಲೆ ಸೈಕಲ್ ಪಂಪಿನಿಂದ ದೂಳು ಊದಿ. ಪ್ಲಗ್ಗು ಗಾರೆಯನ್ನು ದಾಟಿ ಬ್ಲಾಕಿನೊಳಗೆ ಕೂರಬೇಕು. ಬರೀ ಗಾರೆಯಲ್ಲಿ ಕೂತ ಪ್ಲಗ್ಗು ಬೋರ್ಡಿನ ಸಮೇತ ಕಿತ್ತು ಬರುತ್ತದೆ. ಸೈಜುಗಲ್ಲಿನ ಗೋಡೆಯಾದರೆ ಸಂದಿಯಲ್ಲಿ ಕೊರೆಯುವುದು ಸುಲಭ, ಆದರೆ ಸಂದಿಯ ಗಾರೆ ಭಾರ ಹಿಡಿಯುವುದಿಲ್ಲ. ಕಲ್ಲಿಗೇ ಕೊರೆಯಬೇಕು, ಅದಕ್ಕೆ ಮಾಮೂಲಿ ಡ್ರಿಲ್ ಸಾಲದು, ಒಂದು ದಿನಕ್ಕೆ ರೋಟರಿ ಹ್ಯಾಮರ್ ಬಾಡಿಗೆಗೆ ತನ್ನಿ. ಹಳೇ ಮಣ್ಣುಗೋಡೆ, ಮಾಲೂರು ಹೆಂಚಿನ ಮನೆಗಳಲ್ಲಿ ಗೋಡೆಯ ಆಸೆ ಬಿಟ್ಟುಬಿಡಿ. ಎರಡು ಕಂಬ ನಿಲ್ಲಿಸಿ, ಕಂಬದ ತುದಿಯನ್ನು ಮೇಲಿನ ತೊಲೆಗೆ ಕಟ್ಟಿ, ಕಂಬಕ್ಕೆ ಪ್ಲೈ ಬಡಿಯಿರಿ.

ಪ್ಲೈ ಮೇಲೆ ಎರಡು ಇಂಚಿನ ಮೊಳೆ, ತಲೆ ಸ್ವಲ್ಪ ಮೇಲಕ್ಕೆ ಎತ್ತಿದ ಹಾಗೆ ಓರೆಯಾಗಿ. ಸುತ್ತಿಗೆಗೆ ಎರಡು ಮೊಳೆ, ಕುತ್ತಿಗೆ ನಡುವೆ ಕೂರುವಂತೆ. ಸಾಮಾನಿನ ಸುತ್ತ ಬಣ್ಣದಲ್ಲಿ ಗೆರೆ ಎಳೆಯುವುದು ಒಳ್ಳೆಯ ಪದ್ಧತಿ, ಯಾವುದು ವಾಪಸು ಬಂದಿಲ್ಲ ಅನ್ನುವುದು ದೂರದಿಂದಲೇ ಗೊತ್ತಾಗುತ್ತದೆ. ಆದರೆ ಮೊದಲ ದಿನವೇ ಬಣ್ಣ ಬೇಡ. ಹದಿನೈದು ದಿನ ಸೀಮೆಸುಣ್ಣದ ಗೆರೆಯಲ್ಲೇ ನಡೆಸಿ, ಕೈ ಎಲ್ಲಿಗೆ ಹೋಗುತ್ತದೋ ನೋಡಿಕೊಂಡು ಜಾಗ ಬದಲಾಯಿಸಿ, ಆಮೇಲೆ ಪೇಂಟು.

ಗುದ್ದಲಿ, ಸನಿಕೆ, ಪಿಕಾಸಿಗಳಿಗೆ ಬೇರೆ ಕಡೆ ನೆಲದಿಂದ ನಾಲ್ಕೂವರೆ ಅಡಿಗೆ ಅಡ್ಡಲಾಗಿ ಒಂದು 2×3 ಇಂಚಿನ ಮರ ಕೂರಿಸಿ, ಜೋಡಿ ಗೂಟಗಳ ನಡುವೆ ಕಾವು ಕೆಳಕ್ಕೆ ಇಳಿಯುವಂತೆ ನೇತುಹಾಕಿ. ಕಾವು ನೆಲಕ್ಕೂ ಗೋಡೆಗೂ ತಾಗಬಾರದು. ಇಲ್ಲಿನ ಕೆಂಪುಮಣ್ಣಿನಲ್ಲಿ ಗೆದ್ದಲು ಎರಡು ಮಳೆಗೆ ಕಾವನ್ನು ಒಳಗಿಂದ ಪೊಳ್ಳು ಮಾಡುತ್ತದೆ, ಹೊರಗೆ ಕಾಣುವುದೇ ಇಲ್ಲ, ಎತ್ತಿ ಹೊಡೆದಾಗಲೇ ಗೊತ್ತಾಗುವುದು. ಗಡಾರಿಯನ್ನು ಗೋಡೆಗೆ ಒರಗಿಸುವ ಅಭ್ಯಾಸ ಎಲ್ಲ ಮನೆಯಲ್ಲೂ ಇದೆ, ಅದು ಜಾರಿದರೆ ಕಾಲ್ಬೆರಳು ಉಳಿಯುವುದಿಲ್ಲ. ಒಂದು ಅಡಿ ಉದ್ದದ 75 ಎಂ.ಎಂ. ಪಿವಿಸಿ ಪೈಪನ್ನು ಮೊಣಕಾಲಿನ ಮಟ್ಟದಲ್ಲಿ ಕ್ಲ್ಯಾಂಪಿನಿಂದ ನೆಟ್ಟಗೆ ಕಟ್ಟಿ, ಕೆಳಗೆ ಒಂದು ಚಪ್ಪಡಿ ತುಂಡು ಹಾಕಿ. ಗಡಾರಿ ಅದರೊಳಗೆ ಇಳಿದು ನಿಲ್ಲುತ್ತದೆ.

ರ‍್ಯಾಕಿಗೆ ಟೊಮೆಟೊ ಕ್ರೇಟೇ ಡ್ರಾಯರು

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ದುಡ್ಡು ಹಾಕುವ ಮೊದಲು ಮನೆಯ ಹಿಂದೆ ಬಿದ್ದಿರುವ ಕ್ರೇಟು ನೋಡಿ. ಕೋಲಾರದ ಮಂಡಿಗೆ ಟೊಮೆಟೊ ಹೊತ್ತುಹೋಗಿ ಒಂದು ಮೂಲೆ ಸೀಳಿದ್ದೂ ಇಲ್ಲಿ ಹತ್ತು ವರ್ಷ ಬಾಳುತ್ತದೆ. ಜಾಲರಿಯಾದ್ದರಿಂದ ಒಳಗೇನಿದೆ ಅನ್ನುವುದು ಹೊರಗಿನಿಂದಲೇ ಕಾಣುತ್ತದೆ, ಗಾಳಿಯಾಡುತ್ತದೆ, ಎರಡು ಕಡೆ ಹಿಡಿ ಇರುತ್ತದೆ. ಸಣ್ಣ ಸಾಮಾನು ಉದುರದಂತೆ ತಳಕ್ಕೆ ಸಿಮೆಂಟ್ ಚೀಲದ ತುಂಡು ಹಾಸಿದರಾಯಿತು.

ತೊಂದರೆ ಬರುವುದು ಅಳತೆಯಲ್ಲಿ. ಸಾಮಾನ್ಯ ಕ್ರೇಟು ಸುಮಾರು 21 ಇಂಚು ಉದ್ದ, 14 ಇಂಚು ಅಗಲ, 12 ಇಂಚು ಎತ್ತರ ಇರುತ್ತದೆ, ನಿಮ್ಮದನ್ನು ಅಳೆದು ನೋಡಿ. ರೆಡಿಮೇಡ್ ಕಬ್ಬಿಣದ ಆಂಗಲ್ ರ‍್ಯಾಕು ಹೆಚ್ಚಾಗಿ 3 ಅಡಿ ಅಗಲ, 15 ಇಂಚು ಆಳ. ಕ್ರೇಟನ್ನು ಉದ್ದಕ್ಕೆ ಇಟ್ಟರೆ ಒಂದೇ ಕೂರುತ್ತದೆ, 15 ಇಂಚು ಜಾಗ ಹಾಳು. ಒಳಮುಖವಾಗಿ ಇಟ್ಟರೆ ಆರು ಇಂಚು ಹೊರಗೆ ಚಾಚಿ ಭುಜಕ್ಕೆ ತಾಗುತ್ತದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದಾದರೆ 44 ಇಂಚು ಅಗಲ, 15 ಇಂಚು ಆಳ ಹೇಳಿ, ಒಂದು ಅಂತಸ್ತಿಗೆ ಎರಡು ಕ್ರೇಟು ಉದ್ದಕ್ಕೆ ಸರಿಯಾಗಿ ಕೂರುತ್ತವೆ. ರೆಡಿಮೇಡೇ ಬೇಕೆಂದರೆ 3 ಅಡಿ ಅಗಲಕ್ಕೆ 24 ಇಂಚು ಆಳದ್ದು ತನ್ನಿ, ಎರಡು ಕ್ರೇಟು ಒಳಮುಖವಾಗಿ ಕೂತು ಪಕ್ಕದಲ್ಲಿ ಎಂಟು ಇಂಚು ಉಳಿಯುತ್ತದೆ, ಅದಕ್ಕೆ ಬಣ್ಣದ ಡಬ್ಬ. ಅಂತಸ್ತಿನ ನಡುವೆ 15 ಇಂಚು ಬಿಡಿ. 13 ಬಿಟ್ಟರೆ ಕ್ರೇಟು ಕೂರುತ್ತದೆ, ಆದರೆ ಕ್ರೇಟು ಎಳೆಯದೆ ಒಳಗೆ ಕೈ ಹೋಗುವುದಿಲ್ಲ.

ಜೋಡಿಸುವಾಗ ಬೋಲ್ಟುಗಳನ್ನು ಮೊದಲು ಕೈಯಿಂದ ಮಾತ್ರ ಬಿಗಿ ಮಾಡಿ, ಎಲ್ಲ ಅಂತಸ್ತೂ ಕೂತ ಮೇಲೆ ತೂಕದ ಗುಂಡು ಬಿಟ್ಟು ನೆಟ್ಟಗಿದೆಯೇ ನೋಡಿ, ಆಮೇಲೆ ಸ್ಪ್ಯಾನರ್. ಮೊದಲೇ ಒಂದು ಮೂಲೆ ಬಿಗಿದರೆ ರ‍್ಯಾಕು ಓರೆಯಾಗಿಯೇ ನಿಲ್ಲುತ್ತದೆ. ನಾಲ್ಕು ಕಾಲಿನ ಕೆಳಗೂ ಚಪ್ಪಡಿ ತುಂಡು ಕೊಡಿ, ಮಣ್ಣಿನ ನೆಲದಲ್ಲಿ ಕಾಲು ಇಳಿಯುತ್ತದೆ. ಮೇಲ್ತುದಿಯನ್ನು ಗೋಡೆಗೆ ಎರಡು ಕಡೆ ಕಟ್ಟಲೇಬೇಕು. ಮಕ್ಕಳು ಹತ್ತುತ್ತಾರೆ.

ಭಾರದ್ದು ಕೆಳಗೆ ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ಭಾರ ಯಾವುದು ಅನ್ನುವುದು ಕಣ್ಣಿಗೆ ಮೋಸ ಮಾಡುತ್ತದೆ. 20 ಲೀಟರ್ ಎಮಲ್ಷನ್ ಪೇಂಟಿನ ಬಕೆಟ್ಟು 20 ಕೆ.ಜಿ. ಅಲ್ಲ, ಹತ್ತಿರಹತ್ತಿರ 28. ನಾಲ್ಕು ಅಡಿ ಅಗಲ, 400 ಮೀಟರಿನ 30 ಮೈಕ್ರಾನ್ ಮಲ್ಚಿಂಗ್ ಶೀಟಿನ ರೋಲು 13 ಕೆ.ಜಿ. ದಾಟುತ್ತದೆ. ಇವೆಲ್ಲ ಮೊಣಕಾಲಿನ ಮಟ್ಟಕ್ಕೆ. ದಿನವೂ ಮುಟ್ಟುವುದು ಸೊಂಟದಿಂದ ಭುಜದವರೆಗೆ. ತಲೆಯ ಮೇಲಿನ ಅಂತಸ್ತಿಗೆ ನೆರಳು ಪರದೆ, ಖಾಲಿ ಡಬ್ಬ, ಹಬ್ಬದ ಸೀರಿಯಲ್ ಸೆಟ್ಟು. ಅತಿ ಕೆಳಗಿನ ಅಂತಸ್ತು ನೆಲದಿಂದ ಆರು ಇಂಚಾದರೂ ಮೇಲಿರಬೇಕು, ಪೊರಕೆ ಆಡಬೇಕು, ಬಗ್ಗಿ ನೋಡಿದರೆ ಹಿಂದಿನ ಗೋಡೆ ಕಾಣಬೇಕು. ಇಲಿ ಗೂಡು ಕಟ್ಟುವುದು ಕಾಣದ ಜಾಗದಲ್ಲೇ.

ಸಿಮೆಂಟು ಮೂಟೆ ಉಳಿದಿದ್ದರೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ. ಮೂರು ತಿಂಗಳು ದಾಟಿದ್ದನ್ನು ಕಟ್ಟಡಕ್ಕೆ ನಂಬಬೇಡಿ.

ಮೊಳೆ, ಬೋಲ್ಟು, ಚೀಟಿ

ಸಣ್ಣ ಸಾಮಾನಿಗೆ ಗಾಜಿನ ಬಾಟಲಿ ಬೇಡ, ಕಲ್ಲು ನೆಲಕ್ಕೆ ಒಮ್ಮೆ ಬಿದ್ದರೆ ಮೊಳೆಯ ಜೊತೆ ಗಾಜನ್ನೂ ಆರಿಸಬೇಕು. ಬೇಕರಿಯವರು ಬಿಸಾಡುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಗಳು ಸಾಕು. ಮುಚ್ಚಳವನ್ನು ಹಲಗೆಯ ಅಡಿಗೆ ಬಡಿದು ಡಬ್ಬವನ್ನು ಕೆಳಗಿನಿಂದ ತಿರುಗಿಸಿ ಹಾಕುವ ಉಪಾಯ ಚೆನ್ನ, ಆದರೆ ಮುಚ್ಚಳಕ್ಕೆ ಎರಡು ಸ್ಕ್ರೂ ಬೇಕು. ಒಂದೇ ಹೊಡೆದರೆ ಡಬ್ಬದ ಜೊತೆ ಮುಚ್ಚಳವೂ ತಿರುಗುತ್ತದೆ. ಮೊಳೆಗಳನ್ನು ಉದ್ದದ ಮೇಲೆ (1, 1½, 2, 3, 4 ಇಂಚು), ಬೋಲ್ಟುಗಳನ್ನು ದಪ್ಪದ ಮೇಲೆ ಬೇರೆ ಮಾಡಿ, ಯಾವುದಕ್ಕೆ ಯಾವ ಸ್ಪ್ಯಾನರ್ ಅನ್ನುವುದನ್ನೂ ಅದೇ ಡಬ್ಬದ ಮೇಲೆ ಬರೆಯಿರಿ: 6 ಎಂ.ಎಂ. ಬೋಲ್ಟಿಗೆ 10, 8ಕ್ಕೆ 13, 10ಕ್ಕೆ 17, 12ಕ್ಕೆ 19. ಹತ್ತರ ಬೋಲ್ಟಿಗೆ ಕೆಲವೊಮ್ಮೆ 16, ಹನ್ನೆರಡಕ್ಕೆ 18 ಬರುವುದೂ ಉಂಟು. ಬೋಲ್ಟು ಹುಡುಕಲು ಬಂದವನು ಸ್ಪ್ಯಾನರಿಗಾಗಿ ಇನ್ನೊಮ್ಮೆ ತಿರುಗಬೇಕಾಗಿಲ್ಲ.

ಹೆಸರು ಬರೆಯುವುದು ಮುಚ್ಚಳದ ಮೇಲಲ್ಲ, ಮೈಮೇಲೆ. ಮುಚ್ಚಳಗಳು ಅದಲು ಬದಲಾಗುತ್ತವೆ. ಬರವಣಿಗೆಗಿಂತ ಒಳ್ಳೆಯದು ಒಳಗಿರುವ ಸಾಮಾನಿನದೇ ಒಂದು ಮಾದರಿಯನ್ನು ತಂತಿಯಿಂದ ಹೊರಗೆ ಕಟ್ಟುವುದು. ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಕೆಲಸಕ್ಕೆ ಬರುವವರಲ್ಲಿ ತೆಲುಗು ಮಾತಾಡುವವರೇ ಹೆಚ್ಚು, ಮನೆಯ ಹಿರಿಯರಿಗೆ ಕಣ್ಣು ಮಂಜು. ತೂಗಾಡುತ್ತಿರುವ ಎಲ್ಬೋಗೆ ಯಾವ ಭಾಷೆಯೂ ಬೇಡ.

ಕಬ್ಬಿಣವನ್ನು ತಿನ್ನುವ ಸಾಮಾನು

ಈ ಜಿಲ್ಲೆಗಳು ಒಣ ಸೀಮೆ, ಕರಾವಳಿಯ ಹಾಗೆ ಗಾಳಿಗೇ ತುಕ್ಕು ಹಿಡಿಯುವುದಿಲ್ಲ. ಆದರೂ ಹೊಸ ಸ್ಪ್ಯಾನರ್ ಆರು ತಿಂಗಳಲ್ಲಿ ಕೆಂಪಾಯಿತು ಅನ್ನುವ ದೂರು ಸಾಮಾನ್ಯ. ಹತ್ತರಲ್ಲಿ ಎಂಟು ಸಲ ಕಾರಣ ಅದೇ ಕೋಣೆಯಲ್ಲಿರುತ್ತದೆ. ಒಂದು, ಆ್ಯಸಿಡ್. ಇಲ್ಲಿನ ಬೋರ್ ನೀರಿನ ಗಡಸಿಗೆ ಡ್ರಿಪ್ಪರ್ ಕಟ್ಟುತ್ತದೆ, ಬಿಡಿಸಲು ತಂದ ಆ್ಯಸಿಡ್ ಕ್ಯಾನು ಶೆಡ್ಡಿನ ಮೂಲೆಯಲ್ಲಿ ಕೂತಿರುತ್ತದೆ. ಮುಚ್ಚಳ ಬಿಗಿಯಾಗಿದ್ದರೂ ಸ್ವಲ್ಪ ಸ್ವಲ್ಪವೇ ಹಬೆ ಹೊರಬಂದು ಇಡೀ ಕೋಣೆಯ ಕಬ್ಬಿಣಕ್ಕೆ ಹತ್ತುತ್ತದೆ. ಎರಡು, ಬ್ಲೀಚಿಂಗ್ ಪೌಡರ್. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಮನೆ ತೊಳೆಯಲು ಚೀಲಗಟ್ಟಲೆ ತಂದಿಟ್ಟಿರುತ್ತಾರೆ, ಅದರಿಂದ ಬರುವ ಕ್ಲೋರಿನ್ ವಾಸನೆಯೇ ತುಕ್ಕು. ಆ್ಯಸಿಡ್ ಮತ್ತು ಬ್ಲೀಚಿಂಗ್ ಒಂದಕ್ಕೊಂದು ತಾಗಿದರೆ ವಿಷಗಾಳಿ ಏಳುತ್ತದೆ, ಆದ್ದರಿಂದ ಇವೆರಡೂ ಬೇರೆ ಬೇರೆ ಕಡೆ, ಶೆಡ್ಡಿನಿಂದ ಹೊರಗೆ, ಗಾಳಿಯಾಡುವ ನೆರಳಿನಲ್ಲಿ ಬೀಗದ ಒಳಗಿರಲಿ. ಮೂರು, ಗೊಬ್ಬರ. ಯೂರಿಯಾ, ಪೊಟ್ಯಾಷ್ ಗಾಳಿಯ ತೇವ ಹೀರಿ ನೀರು ಬಿಡುತ್ತವೆ. ಆ ಉಪ್ಪುನೀರು ಮುಟ್ಟಿದ ಕಡೆಯೆಲ್ಲ ಕಬ್ಬಿಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಬೇರೆ ಕೋಣೆ ಇಲ್ಲದಿದ್ದರೆ ಕ್ಲ್ಯಾಂಪ್ ಮುಚ್ಚಳದ 200 ಲೀಟರ್ ಪ್ಲಾಸ್ಟಿಕ್ ಡ್ರಮ್ಮು ತನ್ನಿ, 45 ಕೆ.ಜಿ.ಯ ಯೂರಿಯಾ ಸುರಿದರೆ ಮೂರು ಚೀಲ ಹಿಡಿಯುತ್ತದೆ. ಡ್ರಿಪ್ಪಿಗೆ ಬಿಡುವ 13-0-45 ಪೊಟ್ಯಾಸಿಯಂ ನೈಟ್ರೇಟು, ಬೆಂಕಿಗೆ ಬಲ ಕೊಡುವ ವಸ್ತು. ಅದನ್ನು ಡೀಸೆಲ್, ಪೆಟ್ರೋಲ್, ಮರದ ಹೊಟ್ಟಿನಿಂದ ದೂರ ಇಡಿ.

ಉಪಕರಣಕ್ಕೆ ಎಣ್ಣೆ ಒರೆಸುವುದಾದರೆ ಮಿಷಿನ್ ಎಣ್ಣೆ, ಇಲ್ಲವೇ ಹೊಸ ಎಂಜಿನ್ ಆಯಿಲ್ ನಾಲ್ಕು ಹನಿ ಬಟ್ಟೆಗೆ ಹಾಕಿ. ಕೊಬ್ಬರಿ ಎಣ್ಣೆ ತಿಂಗಳು ಕಳೆದರೆ ಅಂಟಾಗಿ ದೂಳು ಹಿಡಿಯುತ್ತದೆ, ಕೊಬ್ಬರಿಯ ಊರಾದ ತಿಪಟೂರಿನ ಕಡೆಯವರಿಗೆ ಬೇಸರವಾದರೂ ಇದು ನಿಜ. ಇಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗಸ್ಟ್ ಕೊನೆಗೆ ಒಮ್ಮೆ ಒರೆಸಿದರೆ ವರ್ಷ ಕಳೆಯುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ತಗಡಿನ ಶೀಟು ಬೆವರಿ ಹನಿ ಬೀಳುತ್ತದೆ. ಹನಿ ಬೀಳುವ ಸಾಲು ಯಾವುದು ನೋಡಿಕೊಂಡು ಡ್ರಿಲ್, ಗ್ರೈಂಡರ್‌ಗಳನ್ನು ಅಲ್ಲಿಂದ ಸರಿಸಿ.

ಔಷಧಿ, ಪೆಟ್ರೋಲು

ಕೀಟನಾಶಕಕ್ಕೆ ಶೆಡ್ಡಿನಲ್ಲಿ ಜಾಗವೇ ಇಲ್ಲ ಅನ್ನುವುದು ಸರಿಯಾದ ಉತ್ತರ. ಹೊರಗೋಡೆಗೆ ಬೀಗವಿರುವ ತಗಡಿನ ಪೆಟ್ಟಿಗೆ ಹಾಕಿಸಿ. ಒಳಗೆ ಪುಡಿ ಮೇಲಿನ ಅಂತಸ್ತಿಗೆ, ದ್ರವ ಕೆಳಕ್ಕೆ, ಸೋರಿದರೂ ಪುಡಿ ನೆನೆಯುವುದಿಲ್ಲ. ಲೇಬಲ್ಲಿನ ತ್ರಿಕೋನ ಕೆಂಪಿದ್ದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಈ ಬಣ್ಣ ಕಾಣುವಂತೆ ಮುಖ ಮುಂದಕ್ಕಿರಲಿ. ರೇಷ್ಮೆ ಸಾಕುವ ಮನೆಯಲ್ಲಿ ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟಿ), ತಟ್ಟೆ, ಸೊಪ್ಪಿನ ಬುಟ್ಟಿಗಳನ್ನು ಔಷಧಿಯ ಹತ್ತಿರ ಒಂದು ರಾತ್ರಿಯೂ ಇಡಬಾರದು, ಹಬೆ ಸಾಕು ಹುಳು ಸಾಯಲು. ಕಳೆನಾಶಕಕ್ಕೆ ಬೇರೆಯೇ ಸ್ಪ್ರೇಯರ್ ಇಟ್ಟು ಟ್ಯಾಂಕಿಗೆ ಕೆಂಪು ಪಟ್ಟೆ ಬಳಿಯಿರಿ. ತೊಳೆದ ಟ್ಯಾಂಕಿನಲ್ಲಿ ಉಳಿದ ಚೂರು 2,4-ಡಿ ಟೊಮೆಟೊ, ದ್ರಾಕ್ಷಿಯ ಎಲೆಯನ್ನು ಮುರುಟಿಸಲು ಸಾಕು.

ಬ್ರಷ್ ಕಟ್ಟರಿನ ಮಿಕ್ಸ್ ಪೆಟ್ರೋಲಿನ ಕ್ಯಾನಿನ ಮೇಲೆ ಪ್ರಮಾಣ ಮತ್ತು ಬೆರೆಸಿದ ತಾರೀಕು ಬರೆಯಿರಿ. ಒಂದು ಲೀಟರಿಗೆ 25 ಮಿ.ಲೀ. 2ಟಿ ಆಯಿಲ್ ಹಾಕಿದರೆ 40ಕ್ಕೆ 1, 20 ಹಾಕಿದರೆ 50ಕ್ಕೆ 1. ನಿಮ್ಮ ಮಷಿನ್ನಿನ ಪುಸ್ತಕದಲ್ಲಿ ಯಾವುದಿದೆಯೋ ಅದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ನೀರು ಹೀರುತ್ತದೆ, ತಿಂಗಳು ಮೀರಿದ್ದನ್ನು ಹಾಕಿದರೆ ಕಾರ್ಬುರೇಟರ್ ಕಟ್ಟುತ್ತದೆ. ಬಿಸ್ಲೆರಿ ಬಾಟಲಿಯಲ್ಲಿ ಪೆಟ್ರೋಲು, ಔಷಧಿ, ಆ್ಯಸಿಡ್ ಯಾವುದೂ ಒಂದು ಗಳಿಗೆಯೂ ಇರಬಾರದು.

ಪೈಪು ಎಲ್ಲಿ

20 ಅಡಿಯ ಪೈಪು 12 ಅಡಿಯ ಶೆಡ್ಡಿನೊಳಗೆ ಓರೆಯಾಗಿ ನಿಂತು ಎಲ್ಲರ ತಲೆಗೆ ತಾಗುವುದು ಬೇಡ. ಉತ್ತರದ ಹೊರಗೋಡೆಗೆ, ಚಾವಣಿಯ ಶೀಟು ಮುಂದಕ್ಕೆ ಚಾಚಿದ ನೆರಳಿನಲ್ಲಿ ಬ್ರಾಕೆಟ್ ಹಾಕಿ, ಗೋಡೆ ಸಾಲದ ಕಡೆ ಒಂದು ಕಲ್ಲುಕಂಬ ನೆಡಿ. ಬ್ರಾಕೆಟ್ಟುಗಳ ನಡುವೆ ನಾಲ್ಕು ಅಡಿಗಿಂತ ಹೆಚ್ಚು ಬೇಡ, ಬೇಸಿಗೆಯಲ್ಲಿ ಪಿವಿಸಿ ಮೆತ್ತಗಾಗಿ ಬಿಲ್ಲಿನಂತೆ ಬಾಗುತ್ತದೆ, ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ. ಸಾಕೆಟ್ ಇರುವ ತುದಿ ಒಂದು ಎಡಕ್ಕೆ ಒಂದು ಬಲಕ್ಕೆ ಬರುವಂತೆ ಜೋಡಿಸಿ. ಬಾಯಿಗೆ ಚೀಲದ ತುಂಡು ಕಟ್ಟಿ, ಇಲ್ಲವಾದರೆ ಕಣಜ ಗೂಡು ಕಟ್ಟುತ್ತದೆ, ಇಲಿ ಮರಿ ಹಾಕುತ್ತದೆ. ಲ್ಯಾಟರಲ್ ಸುರುಳಿಗಳನ್ನು ನೆಲದ ಮೇಲೆ ಬಿಡಬೇಡಿ, ದಪ್ಪ ಗೂಟಕ್ಕೆ ತೂಗುಹಾಕಿ. ತಂತಿಗೆ ತೂಗುಹಾಕಿದರೆ ಆ ಜಾಗದಲ್ಲೇ ಮಡಚಿ ಸೀಳುತ್ತದೆ.

ಕೊಟ್ಟು ತರುವುದು

ಇಷ್ಟೆಲ್ಲ ಜೋಡಿಸಿದ ಮೇಲೂ ಒಂದು ತಿಂಗಳಲ್ಲಿ ಎರಡು ಮೂರು ಸಾಮಾನು ಪ್ರತಿ ಸಲವೂ ತಪ್ಪು ಜಾಗದಲ್ಲೇ ಸಿಗುತ್ತವೆ. ಅದು ಮನೆಯವರ ತಪ್ಪಲ್ಲ, ಜಾಗದ ತಪ್ಪು. ಸಾಮಾನು ಸಿಗುತ್ತಿರುವ ಕಡೆಯೇ ಮೊಳೆ ಹೊಡೆಯಿರಿ. ಇನ್ನು ಪಕ್ಕದ ತೋಟದವರು ಪೈಪ್ ರೆಂಚ್ ಕೇಳಿದರೆ ಇಲ್ಲ ಅನ್ನಲಾಗುವುದಿಲ್ಲ, ನಾಳೆ ನಮಗೂ ಅವರ ಏಣಿ ಬೇಕು. ರಟ್ಟಿನ ನಾಲ್ಕು ಚೀಟಿಗೆ ತೂತು ಮಾಡಿ ಬಾಗಿಲ ಹಿಂದೆ ಪೆನ್ಸಿಲ್ ಜೊತೆ ತೂಗುಹಾಕಿ. ಸಾಮಾನು ಕೊಟ್ಟ ಕೂಡಲೇ ಒಯ್ದವರ ಹೆಸರು, ತಾರೀಕು ಬರೆದು ಅದೇ ಮೊಳೆಗೆ ಸಿಕ್ಕಿಸಿ. ಚೀಟಿ ಬರೆಯುವುದನ್ನು ಅವರೆದುರಿಗೇ ಮಾಡಿ.